ಅಂತೆ ಕಂತೆ ಮತ್ತು ಒಂದು ಎಸ್ಸೆಮ್ಮೆಸ್

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಬಿತ್ತರವಾದ ಭಾಷಣದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಮನಶ್ಶಾಸ್ತ್ರ ಮತ್ತು ಮಾಧ್ಯಮ ಎಂಬ ದೊಡ್ಡ ವಿಷಯ ಕೊಟ್ಟು, ಒಂದಷ್ಟು ಹೊತ್ತು ಮಾತಾಡಿ ಎಂದಿದ್ದಾರೆ. ನಾನು ಮನಶ್ಶಾಸ್ತ್ರದ ಮೇಷ್ಟ್ರಲ್ಲ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಕೋಥರೂಡಿನ ಒಂದು ಹಳೆಯ ಸೊಸೈಟಿಯಲ್ಲಿ ಕಾಲ ಕಳೆಯುತ್ತಿರುವ ಧಾರವಾಡದ ಮನುಷ್ಯ. ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ವಿಷಯದಲ್ಲಿ ನನ್ನದೊಂದು ತಪ್ಪು ಇದೆ. ಅದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಬೇರೆಯವರಿಗೆ ಬುದ್ಧಿ ಹೇಳಿದ ಹಾಗೆ ಆಗುತ್ತದೆ.

2012ರ ಆಗಸ್ಟ್ ತಿಂಗಳು. ಆಗ ನಮ್ಮ ಸೊಸೈಟಿಗೆ ರಾತ್ರಿ ಪಾಳಿಯ ವಾಚ್‌ಮನ್ ಆಗಿ ಅಸ್ಸಾಮಿನ ಒಬ್ಬ ಹುಡುಗನಿದ್ದ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷ ಇರಬಹುದು. ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಗೇಟಿನ ಹತ್ತಿರ ಕೂತಿರುತ್ತಿದ್ದ. ರಾತ್ರಿ ಊಟವಾದ ಮೇಲೆ ನಾನು ಕೆಳಗೆ ನಾಲ್ಕು ಸುತ್ತು ಹಾಕುವುದು ರೂಢಿ. ಆಗ ಎರಡು ಮಾತು ಆಗುತ್ತಿತ್ತು. ಅವರ ಊರಿನ ಮಳೆ, ನಮ್ಮ ಊರಿನ ಮಳೆ, ಪುಣೆಯ ಮಳೆ, ಇಷ್ಟೇ. ಇಬ್ಬರೂ ಪರಊರಿನವರು ನೋಡಿ.

ಒಂದು ಸಂಜೆ ನನಗೆ ಒಂದು ಎಸ್ಸೆಮ್ಮೆಸ್ ಬಂತು. ಕಳಿಸಿದವರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು, ಬಹಳ ಒಳ್ಳೆಯವರು. ಈಶಾನ್ಯ ರಾಜ್ಯದವರ ಮೇಲೆ ದಾಳಿ ನಡೆಯಲಿದೆಯಂತೆ, ಆಗಸ್ಟ್ 20ರೊಳಗೆ ಊರು ಬಿಡುವುದು ಒಳ್ಳೆಯದಂತೆ, ನಿಮಗೆ ಗೊತ್ತಿರುವವರಿಗೆ ತಿಳಿಸಿ ಎಂದು ಅದರಲ್ಲಿತ್ತು. ನಾನು ಏನು ಮಾಡಿದೆ? ಕೆಳಗೆ ಹೋಗಿ ಆ ಹುಡುಗನಿಗೆ ಓದಿ ಹೇಳಿದೆ. ಅವನ ಒಳ್ಳೆಯದಕ್ಕೇ ಹೇಳಿದೆ ಎಂದು ಆಗ ನಂಬಿದ್ದೆ. ಅವನು ಹಾಡು ನಿಲ್ಲಿಸಿ, ‘ಸಚ್ ಹೈ ಕ್ಯಾ ಅಂಕಲ್?’ ಎಂದು ಕೇಳಿದ. ನಾನು, ‘ಪತಾ ನಹೀ, ಲೋಗ್ ಬೋಲ್ ರಹೇ ಹೈ’ ಎಂದೆ.

ಗೊತ್ತಿಲ್ಲ, ಜನ ಹೇಳುತ್ತಿದ್ದಾರೆ. ಈ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ‘ಗೊತ್ತಿಲ್ಲ’ ಎಂಬ ಅರ್ಧ ಅವನ ಕಿವಿಗೆ ಬೀಳಲಿಲ್ಲ. ‘ಜನ ಹೇಳುತ್ತಿದ್ದಾರೆ’ ಎಂಬ ಅರ್ಧ ಬಿತ್ತು. ಮಾರನೆಯ ದಿನ ರಾತ್ರಿ ಗೇಟಿನಲ್ಲಿ ಬೇರೆ ಯಾರೋ ಕೂತಿದ್ದರು. ಅವನು ಬೆಳಿಗ್ಗೆಯೇ ಸ್ಟೇಶನ್ನಿಗೆ ಹೋದನಂತೆ. ಅರ್ಧ ತಿಂಗಳ ಪಗಾರ ಕೂಡ ಕೇಳಲಿಲ್ಲ.

ಆ ವಾರ ಏನು ನಡೆಯಿತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಅದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎನ್ನುವುದನ್ನು ಬಿಡಿಸಿ ನೋಡಬೇಕು. ಜುಲೈಯಲ್ಲಿ ಅಸ್ಸಾಮಿನ ಕೋಕ್ರಾಝಾರ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ದೊಡ್ಡ ಗಲಭೆ ಆಗಿತ್ತು. ಇದು ನಿಜ. ಆಗಸ್ಟಿನಲ್ಲಿ ನಮ್ಮ ಪುಣೆಯಲ್ಲಿಯೇ ಈಶಾನ್ಯದ ಕೆಲವು ಯುವಕರ ಮೇಲೆ ಹಲ್ಲೆ ನಡೆದು ಪೊಲೀಸರು ಕೆಲವರನ್ನು ಬಂಧಿಸಿದ್ದರು. ಇದೂ ನಿಜ. ಮೈಸೂರಿನಲ್ಲಿ ಒಬ್ಬ ಟಿಬೆಟಿಯನ್ ಯುವಕನಿಗೆ ಚೂರಿ ಇರಿತವಾಯಿತು, ಅದೂ ನಿಜ. ಈ ಮೂರು ನಿಜಗಳ ಮೇಲೆ ಒಂದು ಸುಳ್ಳು ಹತ್ತಿ ಕೂತಿತು: ಇನ್ನು ಎಲ್ಲ ಊರುಗಳಲ್ಲೂ ಎಲ್ಲರ ಮೇಲೂ ದಾಳಿ ಆಗುತ್ತದೆ ಎಂಬುದು. ಆಗಸ್ಟ್ 15ರ ಬುಧವಾರದಿಂದ ಬೆಂಗಳೂರಿನ ಸಿಟಿ ರೈಲ್ವೆ ಸ್ಟೇಶನ್ನಿನಲ್ಲಿ ಸಾವಿರಾರು ಜನ ಸೇರಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕರ್ನಾಟಕದ ಮಂತ್ರಿಗಳು ಸ್ಟೇಶನ್ನಿಗೇ ಹೋಗಿ, ಹೆದರಬೇಡಿ, ಹೋಗಬೇಡಿ ಎಂದು ಕೇಳಿಕೊಂಡರು. ಇಲ್ಲಿ ಪುಣೆ ಸ್ಟೇಶನ್ನಿನಲ್ಲಿಯೂ ಪೂರ್ವದ ಕಡೆ ಹೋಗುವ ಗಾಡಿಗಳಿಗೆ ಜನ ಮುಗಿಬಿದ್ದರು. 17ನೆಯ ತಾರೀಖು ಕೇಂದ್ರ ಸರ್ಕಾರ ದೇಶದಲ್ಲೆಲ್ಲ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಎಂದು ಹದಿನೈದು ದಿನಗಳ ಕಟ್ಟುಪಾಡು ಹಾಕಿತು. ಬೇರೆ ಎಲ್ಲೋ ಆದ ಚಂಡಮಾರುತ, ಭೂಕಂಪಗಳಲ್ಲಿ ಸತ್ತವರ ಚಿತ್ರಗಳನ್ನು ಗಲಭೆಯ ಚಿತ್ರಗಳೆಂದು ಹಂಚಲಾಗಿದೆ ಎಂದು ಗೃಹ ಇಲಾಖೆ ಹೇಳಿತು. ಹೇಳುವ ಹೊತ್ತಿಗೆ ರೈಲು ಹೋಗಿಯಾಗಿತ್ತು.

ಇನ್ನೊಂದು ಮಾತು. ಆ ದಿನಗಳಲ್ಲಿ ಟಿವಿಯವರು ಬೆಂಗಳೂರು ಸ್ಟೇಶನ್ನಿನ ಜನಜಂಗುಳಿಯನ್ನು ಮತ್ತೆ ಮತ್ತೆ ತೋರಿಸಿದರು. ಅದು ಸುಳ್ಳಲ್ಲ. ಜನ ಅಲ್ಲಿ ಇದ್ದದ್ದು ನಿಜವೇ. ಆದರೆ ಮನೆಯಲ್ಲಿ ಕೂತು ನೋಡುವವನಿಗೆ ಆ ಚಿತ್ರ ಏನು ಹೇಳಿತು? ಇಷ್ಟು ಜನ ಓಡುತ್ತಿದ್ದಾರೆ ಅಂದರೆ ಏನೋ ಇರಲೇಬೇಕು ಎಂದಿತು. ಓಟಕ್ಕೆ ಕಾರಣ ಗಾಳಿಸುದ್ದಿ. ಗಾಳಿಸುದ್ದಿಗೆ ಸಾಕ್ಷಿ ಓಟ. ಒಂದು ತೂಕದ ಸುಳ್ಳನ್ನೂ ಹೇಳದೆ ಸುಳ್ಳನ್ನು ಬೆಳೆಸಬಹುದು ಎಂಬುದು ನನಗೆ ಗೊತ್ತಾದದ್ದು ಆಗಲೇ. ಧಾರವಾಡದಿಂದ ನಮ್ಮ ತಾಯಿ ಫೋನ್ ಮಾಡಿ, ‘ಏನಪಾ, ಪುಣ್ಯಾದಾಗ ಭಾಳ ಗದ್ಲ ಆಗೇತಂತಲ್ಲ, ಟಿವ್ಯಾಗ ತೋರಸಲಿಕ್ಕತ್ತಾರ, ಮನಿ ಬಿಟ್ಟು ಹೊರಗ ಹೋಗಬ್ಯಾಡ’ ಎಂದರು. ನಾನು ಆ ಹೊತ್ತಿಗೆ ಕರ್ವೆ ರಸ್ತೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಎಲ್ಲ ಎಂದಿನಂತೆಯೇ ಇತ್ತು. ಆದರೆ ಅವ್ವನ ಮಾತು ಕೇಳಿ ಒಂದು ಸಲ ಸುತ್ತ ನೋಡಿದೆ, ಸುಳ್ಳು ಯಾಕೆ ಹೇಳಲಿ!

ಮನಸ್ಸು ಹೀಗೆ ಯಾಕೆ ಮಾಡುತ್ತದೆ? ಆಮೇಲೆ ಈ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಬಹಳ ಹಿಡಿಸಿದ್ದು ನಮ್ಮ ದೇಶದ್ದೇ ಒಂದು ಹಳೆಯ ಅಧ್ಯಯನ. 1934ರ ಜನವರಿ 15ರಂದು ಬಿಹಾರದಲ್ಲಿ ಭಯಂಕರ ಭೂಕಂಪ ಆಯಿತು. ಆಮೇಲೆ ಗಾಳಿಸುದ್ದಿಗಳು ಎದ್ದವು. ಜನವರಿ 18-19ಕ್ಕೆ ಪಾಟ್ನಾದಲ್ಲಿ ಚಂಡಮಾರುತ ಬರುತ್ತದಂತೆ, ಚಂದ್ರಗ್ರಹಣದ ದಿನ ಮತ್ತೆ ಭೂಮಿ ನಡುಗುತ್ತದಂತೆ. ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಇವನ್ನೆಲ್ಲ ಕೂಡಿಹಾಕಿ 1935ರಲ್ಲಿ ಬ್ರಿಟನ್ನಿನ ಒಂದು ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಬರೆದರು. ಇದರಲ್ಲಿ ಸೋಜಿಗದ ಸಂಗತಿ ಏನು ಗೊತ್ತೆ? ಈ ಸುದ್ದಿಗಳು ಹಬ್ಬಿದ್ದು ಮನೆ ಮಠ ಕಳೆದುಕೊಂಡವರಲ್ಲಿ ಅಲ್ಲ. ಭೂಮಿ ನಡುಗಿದ್ದು ಅನುಭವಕ್ಕೆ ಬಂದಿತ್ತು, ಆದರೆ ಏನೂ ಬಿದ್ದಿರಲಿಲ್ಲ; ಅಂಥ ಊರುಗಳಲ್ಲಿ.

ಅಮೆರಿಕದ ಲಿಯಾನ್ ಫೆಸ್ಟಿಂಗರ್ ಇದನ್ನು ಓದಿ ತಲೆ ಕೆಡಿಸಿಕೊಂಡರು. ಈಗಾಗಲೇ ಹೆದರಿದವರು ಇನ್ನೂ ಹೆದರಿಸುವ ಸುದ್ದಿಯನ್ನು ಯಾಕೆ ಹುಟ್ಟಿಸುತ್ತಾರೆ, ಯಾಕೆ ನಂಬುತ್ತಾರೆ? ಅವರಿಗೆ ಹೊಳೆದ ಉತ್ತರ ಇದು: ಎದೆಯಲ್ಲಿ ಹೆದರಿಕೆ ಇದೆ, ಕಣ್ಣಿಗೆ ಹೆದರುವಂಥದ್ದು ಏನೂ ಕಾಣುತ್ತಿಲ್ಲ. ಇವೆರಡೂ ಹೊಂದುವುದಿಲ್ಲ. ಹೊಂದಿಸುವುದಕ್ಕೆ ಮನಸ್ಸು ಒಂದು ಕಾರಣವನ್ನು ಹುಡುಕುತ್ತದೆ. ಗಾಳಿಸುದ್ದಿ ಆ ಕಾರಣ ಕೊಡುತ್ತದೆ. ಹೆದರಿಕೆ ಮೊದಲು, ಸುದ್ದಿ ಆಮೇಲೆ! ನಾವು ತಿಳಿದಿರುವುದಕ್ಕೆ ಪೂರಾ ತಿರುಗುಮುರುಗು. 1957ರಲ್ಲಿ ಅವರು ಬರೆದ ಪುಸ್ತಕ ಮನಶ್ಶಾಸ್ತ್ರದಲ್ಲಿ ಬಹಳ ಹೆಸರಾಯಿತು. ಅದರ ಬೀಜ ಬಿಹಾರದಲ್ಲಿತ್ತು ಎಂಬುದನ್ನು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ದುರ್ಗಾನಂದ ಸಿನ್ಹಾ ಎಂಬುವರು ಡಾರ್ಜಿಲಿಂಗಿನ ಭೂಕುಸಿತವನ್ನು ಅಭ್ಯಾಸ ಮಾಡಿ 1952ರಲ್ಲಿ ಬರೆದಿದ್ದಾರೆ. ಅಲ್ಲಿ ನಾಶ ಜನರ ಕಣ್ಣ ಮುಂದೆಯೇ ಇತ್ತು. ಅಲ್ಲಿ ಮುಂದೆ ಇನ್ನೂ ಘೋರವಾದದ್ದು ಬರುತ್ತದೆ ಎಂಬ ಸುದ್ದಿಗಳು ಹಾಗೆ ಹುಟ್ಟಲಿಲ್ಲ.

ನಮ್ಮ ವಾಚ್‌ಮನ್ ಹುಡುಗನಿಗೆ ಇದನ್ನು ಹಚ್ಚಿ ನೋಡಿ. ಊರಲ್ಲಿ ಗಲಭೆ, ಅಲ್ಲಿ ಅವನ ತಾಯಿ ತಂದೆ. ತಾನಿರುವ ಪುಣೆಯಲ್ಲಿ ತನ್ನಂಥವರಿಗೆ ಏಟು ಬಿದ್ದಿದೆ. ಹಗಲು ರಾತ್ರಿ ಅಳುಕು. ಆದರೆ ಕೋಥರೂಡಿನ ಗೇಟಿನಲ್ಲಿ ಯಾರೂ ಅವನಿಗೆ ಏನೂ ಅನ್ನುತ್ತಿಲ್ಲ. ಆಗ ನಾನು ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಸಾಹೇಬ, ಕೆಳಗಿಳಿದು ಬಂದು ಎಸ್ಸೆಮ್ಮೆಸ್ ಓದುತ್ತೇನೆ. ಅವನಲ್ಲಿ ಇದ್ದ ಹೆದರಿಕೆಗೆ ರುಜು ಹಾಕಿಕೊಟ್ಟವನು ನಾನು.

ಇದು ಮೊಬೈಲು ಬಂದ ಮೇಲಿನ ರೋಗ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಆಮೇಲೆ ನಮ್ಮ ಕಡೆಯ ಊರುಗಳಲ್ಲಿ ಕೂಡ, ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಾತ್ರಿ ಒಂದು ದೆವ್ವ ಬಂದು ಮನೆಯವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ನಾಳೆ ಬಾ ಎಂದು ಬರೆದರೆ ಓದಿಕೊಂಡು ಹಿಂದೆ ಹೋಗುತ್ತದೆ, ಮರುದಿನ ಬಂದರೆ ಮತ್ತೆ ನಾಳೆ ಬಾ. ಕನ್ನಡ ಓದಬಲ್ಲ, ಹೇಳಿದ ಮಾತು ಕೇಳುವ ದೆವ್ವ! ಆಗ ಮೊಬೈಲು ಎಲ್ಲಿತ್ತು? ನಾನು ರಜೆಗೆ ಊರಿಗೆ ಹೋದಾಗ ನಮ್ಮ ಓಣಿಯ ಒಬ್ಬ ಹಿರಿಯರನ್ನು, ‘ಕಾಕಾ, ನೀವು ಇದನ್ನೆಲ್ಲ ನಂಬತೀರೇನು?’ ಎಂದು ಕೇಳಿದೆ. ‘ನಂಬೂದಿಲ್ಲಪಾ. ಬರದರ ನಮ್ಮದೇನು ಹೋಗತದ?’ ಎಂದರು.

ಈ ಕಾಕಾನ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವರು ನಂಬಿರಲಿಲ್ಲ, ಆದರೆ ಬರೆದರು. ದಾರಿಯಲ್ಲಿ ಹೋಗುವವನಿಗೆ ಅವರ ಮನಸ್ಸು ಕಾಣುವುದಿಲ್ಲ, ಬಾಗಿಲು ಕಾಣುತ್ತದೆ. ಅಂಥ ತಿಳಿದವರೇ ಬರೆದಿದ್ದಾರೆ ಅಂದ ಮೇಲೆ ಎಂದು ಅವನೂ ಸುಣ್ಣದ ಕಡ್ಡಿ ತೆಗೆದುಕೊಳ್ಳುತ್ತಾನೆ. ಓಣಿಯಲ್ಲಿ ಮನಸಾರೆ ನಂಬಿದವರು ಇಬ್ಬರೇ ಇದ್ದರೂ ಎಲ್ಲ ಬಾಗಿಲುಗಳ ಮೇಲೂ ಬರಹ ಮೂಡಬಹುದು. ಎಸ್ಸೆಮ್ಮೆಸ್ ಮುಂದೆ ಕಳಿಸುವವರೂ ಹೀಗೆಯೇ. ‘ಯಾವುದಕ್ಕೂ ಇರಲಿ ಎಂದು ಕಳಿಸಿದೆ’ ಎನ್ನುತ್ತಾರೆ. ಆ ‘ಯಾವುದಕ್ಕೂ ಇರಲಿ’ ಸಂದೇಶದ ಜೊತೆ ಹೋಗುವುದಿಲ್ಲ, ಸಂದೇಶ ಮಾತ್ರ ಹೋಗುತ್ತದೆ. ಒಂದೇ ಮಾತನ್ನು ಎರಡು ಮೂರು ಸಲ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ ಎಂಬುದನ್ನು ಅಮೆರಿಕದ ಮೂವರು ಸಂಶೋಧಕರು 1977ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಜಾಹೀರಾತಿನವರಿಗೆ ಇದು ಅದಕ್ಕೂ ಮೊದಲೇ ಗೊತ್ತಿತ್ತು ಬಿಡಿ.

‘ನಾಳೆ ಬಾ’ದಿಂದ ಯಾರಿಗೂ ಏಟು ಬೀಳಲಿಲ್ಲ, ಅದಕ್ಕೆ ನಗುತ್ತೇವೆ. ಮಕ್ಕಳ ಕಳ್ಳರ ಸುದ್ದಿ ಹಾಗಲ್ಲ. 2018ರ ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನ ಅಲೆಮಾರಿಗಳನ್ನು ಹೊಡೆದು ಕೊಂದರು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗುಂಪಿನಲ್ಲಿದ್ದ ಹೈದರಾಬಾದಿನ ಒಬ್ಬ ಯುವಕನನ್ನು ಕೊಂದರು. ಆ ಸುದ್ದಿಯ ಜೊತೆ ದೇಶದಲ್ಲೆಲ್ಲ ಓಡಾಡುತ್ತಿದ್ದ ಒಂದು ವಿಡಿಯೊ ಇತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಿಳಿವಳಿಕೆ ಕೊಡಲು ತೆಗೆದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ತಂದು ಬಿಟ್ಟು, ಎಚ್ಚರವಿರಲಿ ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು, ಅಷ್ಟೇ. ಅದೇ ಜುಲೈಯಲ್ಲಿ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವಂತೆ ಮಿತಿ ತಂದಿತು. 2012ರಲ್ಲಿ ಸರ್ಕಾರ ಹೇಳಿದ ಲೆಕ್ಕವೂ ಐದೇ. ಐದರಲ್ಲಿ ಏನು ಮಹಿಮೆಯೋ ತಿಳಿಯದು; ನಾನು ಆ ಸಂಜೆ ಹೇಳಿದ್ದು ಒಬ್ಬನಿಗೆ.

ಹಾಗಾದರೆ ಮಾಧ್ಯಮ ಎಂದರೆ ಕೇಡೇ? ಬಾನುಲಿಯಲ್ಲಿ ಕೂತು ಹಾಗೆ ಹೇಳಿದರೆ ಇವರು ನನ್ನನ್ನು ಮತ್ತೆ ಕರೆಯುವುದಿಲ್ಲ! ತಮಾಷೆಗೆ ಹೇಳಿದೆ. ನಿಜವಾಗಿ ನನಗೆ ಹಾಗೆ ಅನ್ನಿಸುವುದಿಲ್ಲ. ಕನ್ನಡದ ಕೇಳುಗರಾದ ನಮಗೆ ಮನಶ್ಶಾಸ್ತ್ರಕ್ಕೂ ರೇಡಿಯೊಕ್ಕೂ ಇರುವ ನಂಟು ಮರೆಯಬಾರದಂಥದ್ದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರೊಫೆಸರು ಇದ್ದರು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಚಿಕ್ಕದೊಂದು ಯಂತ್ರ ಇಟ್ಟುಕೊಂಡು ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎಂದು ಹೆಸರಾಯಿತು, ಮುಂದೆ ದೇಶದ ರೇಡಿಯೊಕ್ಕೂ ಅದೇ ಹೆಸರು ಬಂತು. ಗೋಪಾಲಸ್ವಾಮಿಯವರು ಪಾಠ ಹೇಳುತ್ತಿದ್ದ ವಿಷಯ ಯಾವುದು ಗೊತ್ತೆ? ಭೌತಶಾಸ್ತ್ರ ಅಲ್ಲ, ಎಂಜಿನಿಯರಿಂಗ್ ಅಲ್ಲ. ಮನಶ್ಶಾಸ್ತ್ರ.

ಇನ್ನು ನಮ್ಮ ಪುಣೆಯ ಮಾತು. ಇದು ಇಲ್ಲಿಯವರಿಗೇ ಹೆಚ್ಚಾಗಿ ಗೊತ್ತಿಲ್ಲ. ಪುಣೆಯ ಆಕಾಶವಾಣಿ ಕೇಂದ್ರ 1953ರಲ್ಲಿ ಆರಂಭವಾಯಿತು. 1956ರಲ್ಲಿ ಯುನೆಸ್ಕೊ ನೆರವಿನಿಂದ ಈ ಕೇಂದ್ರ ಒಂದು ಪ್ರಯೋಗ ಮಾಡಿತು. ಪುಣೆ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಕೂಟ ಕಟ್ಟಿದರು. ಹಳ್ಳಿಗೊಂದು ಕೂಟ, ಕೂಟಕ್ಕೆ ಹದಿನೈದು ಇಪ್ಪತ್ತು ಜನ, ಒಬ್ಬ ಅಧ್ಯಕ್ಷ, ಬರೆದಿಡಲು ಒಬ್ಬ ಸಂಚಾಲಕ. ವಾರಕ್ಕೆ ಎರಡು ಸಲ ಅರ್ಧ ಗಂಟೆಯ ಕಾರ್ಯಕ್ರಮ, ಹತ್ತು ವಾರ, ಒಟ್ಟು ಇಪ್ಪತ್ತು ಕಾರ್ಯಕ್ರಮ. ಬೇಸಾಯದ ಮಾತು, ಊರಿನ ಮಾತು. ಕೇಳಿ, ಚರ್ಚಿಸಿ, ಮಾಡಿ ಎಂಬುದು ಅದರ ಸೂತ್ರ. ಕಾರ್ಯಕ್ರಮ ಮುಗಿದ ಮೇಲೆ ರೇಡಿಯೊ ಆರಿಸಿ ಕೂತು ಮಾತಾಡಬೇಕು. ಇದು ನಮ್ಮ ಊರಿಗೆ ಸರಿಹೋಗುತ್ತದೆಯೇ, ಇಲ್ಲವೇ? ಸಂಚಾಲಕ ಅದನ್ನು ಬರೆದು ಕೇಂದ್ರಕ್ಕೆ ಕಳಿಸಬೇಕು. ಸಂಶಯಗಳಿಗೆ ಕೇಂದ್ರ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಹೇಳಬೇಕು.

ಇದನ್ನು ಅಳೆದು ನೋಡುವ ಕೆಲಸ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಗೆ ಬಂತು. ಅದರ ಮುಂದಾಳು ಪಾಲ್ ನ್ಯೂರಾತ್. ಈ ಮನುಷ್ಯನ ಕಥೆ ಕೇಳಿ. ವಿಯೆನ್ನಾದವರು. ಹಿಟ್ಲರನ ಜನ ಅವರನ್ನು ಹಿಡಿದು 1938-39ರಲ್ಲಿ ಡಾಖೌ, ಬೂಖೆನ್‌ವಾಲ್ಡ್ ಎಂಬ ಯಾತನಾ ಶಿಬಿರಗಳಲ್ಲಿ ಇಟ್ಟಿದ್ದರು. ಬದುಕಿ ಹೊರಬಂದು ಅಮೆರಿಕ ಸೇರಿ, ಆ ಶಿಬಿರಗಳ ಒಳಗಿನ ಬದುಕಿನ ಬಗ್ಗೆಯೇ ಡಾಕ್ಟರೇಟ್ ಪ್ರಬಂಧ ಬರೆದವರು. ಒಂದೇ ದನಿ ರೇಡಿಯೊದಿಂದ ಗರ್ಜಿಸುತ್ತ, ಎದುರು ಮಾತಿಗೆ ಎಡೆಯೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಮೈಮೇಲೆ ಅನುಭವಿಸಿದವರು. ಅಂಥವರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ, ರೇಡಿಯೊ ಕೇಳಿ ರೈತರು ಏನು ಮಾತಾಡುತ್ತಾರೆ ಎಂದು ತಿಳಿಯಲು ಬಂದರು.

ಅವರ ಅಳತೆಯ ರೀತಿ ಬಹಳ ಸರಳ. ಕೂಟ ಇದ್ದ ಇಪ್ಪತ್ತು ಹಳ್ಳಿ ಆರಿಸಿದರು, ಕೂಟ ಇಲ್ಲದ ಇಪ್ಪತ್ತು ಹಳ್ಳಿ ಆರಿಸಿದರು. ಕೂಟ ಇಲ್ಲದ ಆ ಇಪ್ಪತ್ತರಲ್ಲಿ ಅರ್ಧ ಹಳ್ಳಿಗಳಲ್ಲಿ ರೇಡಿಯೊ ಇತ್ತು, ಅರ್ಧಕ್ಕೆ ಅದೂ ಇಲ್ಲ. ಮೊದಲು ಹೋಗಿ ಜನರನ್ನು ಪ್ರಶ್ನೆ ಕೇಳಿದರು, ಹತ್ತು ವಾರ ಆದ ಮೇಲೆ ಮತ್ತೆ ಕೇಳಿದರು. ಕೂಟ ಇದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಚೆನ್ನಾಗಿ ಹೆಚ್ಚಿತ್ತು. ಏನೂ ಇಲ್ಲದ ಹಳ್ಳಿಗಳಲ್ಲಿ ಹೆಚ್ಚಿರಲಿಲ್ಲ, ಸರಿ. ರೇಡಿಯೊ ಇದ್ದು ಕೂಟ ಇಲ್ಲದ ಹಳ್ಳಿಗಳಲ್ಲಿಯೂ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ! ಅಂದರೆ ಪೆಟ್ಟಿಗೆ ಒಂದೇ ಕೆಲಸ ಮಾಡಲಿಲ್ಲ. ಪೆಟ್ಟಿಗೆ ಆರಿಸಿ ಎದುರು ಬದುರು ಕೂತು ‘ಇದು ಹೌದೇನು?’ ಎಂದು ಕೇಳಿಕೊಂಡದ್ದು ಕೆಲಸ ಮಾಡಿತು. 1959ರಲ್ಲಿ ಈ ಕೂಟಗಳನ್ನು ದೇಶಕ್ಕೆಲ್ಲ ವಿಸ್ತರಿಸಿದರು.

ನ್ಯೂರಾತ್ ಅವರ ಹಾಗೆಯೇ ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ಪಾಲ್ ಲಾಜರ್ಸ್‌ಫೆಲ್ಡ್ ಎಂಬುವರು ಇನ್ನೊಂದು ಕಡೆಯಿಂದ ಇದೇ ಮಾತಿಗೆ ಬಂದಿದ್ದರು. 1940ರ ಅಮೆರಿಕದ ಚುನಾವಣೆಯಲ್ಲಿ ಒಹಾಯೊ ರಾಜ್ಯದ ಒಂದು ಜಿಲ್ಲೆಯ ಮತದಾರರನ್ನು ತಿಂಗಳುಗಟ್ಟಲೆ ಕೇಳಿ ನೋಡಿದರು. ರೇಡಿಯೊ, ಪತ್ರಿಕೆ ನೇರವಾಗಿ ಬದಲಾಯಿಸಿದ ಮನಸ್ಸುಗಳು ಕಡಿಮೆ. ಸುದ್ದಿ ಮೊದಲು ಊರಿನ ಒಬ್ಬ ತಿಳಿದವನಿಗೆ ಮುಟ್ಟುತ್ತದೆ, ಅವನು ಹೇಳಿದ್ದನ್ನು ಉಳಿದವರು ನಂಬುತ್ತಾರೆ. ಎರಡು ಮೆಟ್ಟಿಲು. ಮಾಧ್ಯಮ ಎಂದರೆ ಎಲ್ಲೋ ದೆಹಲಿಯ, ಮುಂಬಯಿಯ ಸ್ಟುಡಿಯೊ ಎಂದು ನಾವು ಬೈಯುತ್ತೇವೆ. ಎರಡನೆಯ ಮೆಟ್ಟಿಲು ನಮ್ಮ ಮನೆಯ ಹತ್ತಿರವೇ ಇರುತ್ತದೆ. ಆ ಸಂಜೆ ಕೋಥರೂಡಿನಲ್ಲಿ ಅದು ನಾನಾಗಿದ್ದೆ.

ಈಗ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಏನಾದರೂ ಬಂದರೆ ನಾನು ಒಂದು ಪ್ರಶ್ನೆ ಹಾಕುತ್ತೇನೆ. ಸುಳ್ಳು ಎಂದು ಜಗಳ ತೆಗೆಯುವುದಿಲ್ಲ. ಹಾಗೆ ಮಾಡಿದರೆ ಕಳಿಸಿದವರ ಮುಖ ಕೆಂಪಾಗಿ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ‘ನಿಮಗೆ ಇದನ್ನು ಹೇಳಿದವರು ಯಾರು, ಅವರು ಕಣ್ಣಾರೆ ನೋಡಿದ್ದಾರೆಯೇ?’ ಎಂದು ಮಾತ್ರ ಕೇಳುತ್ತೇನೆ. ಮರಾಠಿಯಲ್ಲಿ ಕೇಳುತ್ತೇನೆ, ಸ್ವಲ್ಪ ಮೆತ್ತಗೆ. ಹೆಚ್ಚಿನ ಸಲ ಉತ್ತರ ಬರುವುದಿಲ್ಲ. ಕೆಲವರು ಸಂದೇಶ ಅಳಿಸುತ್ತಾರೆ. ಇಬ್ಬರು ಗುಂಪಿನಿಂದ ಹೊರಗೆ ಹೋದರು, ಈ ಕಾಕಾ ಬಹಳ ಕಾಟ ಕೊಡುತ್ತಾರೆ ಎಂದು. ಹೋಗಲಿ, ಗಣಪತಿ ವರ್ಗಣಿಗೆ ಅವರೇ ಬಂದು ಮಾತಾಡಿಸುತ್ತಾರೆ.

ಆ ಹುಡುಗ ಮತ್ತೆ ಬರಲಿಲ್ಲ. ಅವನ ನಂಬರಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಅವನನ್ನು ಕಳಿಸಿದ್ದ ಏಜೆನ್ಸಿಯವರಿಗೂ ಅವನ ಊರಿನ ವಿಳಾಸ ಸರಿಯಾಗಿ ಗೊತ್ತಿರಲಿಲ್ಲ. ಹೋದವರಲ್ಲಿ ಅನೇಕರು ಕೆಲವು ವಾರಗಳಲ್ಲಿ ಪುಣೆಗೆ, ಬೆಂಗಳೂರಿಗೆ ಹಿಂದೆ ಬಂದರು ಎಂದು ಪತ್ರಿಕೆಯಲ್ಲಿ ಓದಿದೆ. ಅವನೂ ಬಂದಿರಬಹುದು, ಬೇರೆ ಯಾವುದೋ ಗೇಟಿನಲ್ಲಿ ಕೂತಿರಬಹುದು. ನಮ್ಮ ಸೊಸೈಟಿಯ ಆ ವರ್ಷದ ಲೆಕ್ಕದ ವಹಿಯಲ್ಲಿ ಆಗಸ್ಟ್ ತಿಂಗಳ ಕೆಳಗೆ ಅವನ ಹೆಸರು ಇದೆ, ಮುಂದೆ ಅರ್ಧ ತಿಂಗಳ ಪಗಾರ, ಅದರ ಮುಂದೆ ‘ಬಾಕಿ’ ಎಂದು ಬರೆದಿದೆ. ಖಜಾಂಚಿ ಬದಲಾದಾಗಲೆಲ್ಲ ಹೊಸಬರು ಇದೇನು ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ.